ಕರೇಮಡುವಿನ ಬೇಲಿ

ಮೀನು ತಿನ್ನದ ಮನುಷ್ಯನೊಬ್ಬ ಮೀನಿಗಾಗಿ ಹದಿನಾಲ್ಕು ವರ್ಷ ಮೈ ಸವೆಸಿದ ಎಂದರೆ ಜಗಳೂರಿನ ಸಂತೆಯಲ್ಲಿ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನಂಬಬೇಕಾದ್ದನ್ನು ಬಿಟ್ಟು ನಂಬಬಾರದ್ದನ್ನು ಎದೆಗವಚಿಕೊಳ್ಳುವ ಜನ ನಮ್ಮ ಕಡೆ ಬೇಕಾದಷ್ಟಿದ್ದಾರೆ. ಆ ಮನುಷ್ಯನ ಹೆಸರು ಜಂಪಣ್ಣ. ಊರು ಜಗಳೂರು ಸೀಮೆಯ ಎರೆಬೊಮ್ಮನಹಟ್ಟಿ. ಕೆಲಸ, ದೇವರ ಎತ್ತುಗಳ ಕಿಲಾರಿ.

ದೇವರ ಎತ್ತು ಎಂದರೆ ದೇವರಿಗೆ ಬಿಟ್ಟ ದನ. ಹೆಸರಿಗೆ ಎತ್ತು, ಹಿಂಡಿನಲ್ಲಿ ಹಸು, ಹೋರಿ, ಕರು ಎಲ್ಲವೂ ಇರುತ್ತವೆ. ಅವುಗಳ ಹೆಗಲಿಗೆ ನೊಗ ಇಡುವಂತಿಲ್ಲ, ಸಂತೆಗೆ ಹೊಡೆಯುವಂತಿಲ್ಲ, ಹಾಲು ಕರೆಯುವಂತಿಲ್ಲ. ಹುಟ್ಟಿ, ಮೇದು, ಮುದಿಯಾಗಿ ಸಾಯುವುದೇ ಅವುಗಳ ಉದ್ಯೋಗ. ಅವನ್ನು ಕಾಯುವವನು ಕಿಲಾರಿ, ಮತ್ತು ದನಕ್ಕಿರುವ ಸ್ವಾತಂತ್ರ್ಯದಲ್ಲಿ ಕಾಲುಭಾಗವೂ ಅವನಿಗಿಲ್ಲ. ಹಿಂಡಿನ ಹಿಂದೆ ಚಪ್ಪಲಿ ಮೆಟ್ಟಬಾರದು. ಮೀನು, ಕೋಳಿ ಬಾಯಿಗೆ ಇಡಬಾರದು. ಸೋದರಮಾವ ತೀರಿಕೊಂಡ ಮೇಲೆ ಈ ನೇಮವೆಲ್ಲ ಜಂಪಣ್ಣನ ತಲೆಗೆ ಬಂತು. ಆಗ ಅವನಿಗೆ ಇಪ್ಪತ್ತೆರಡು. ಬೇಡ ಎನ್ನಬಹುದಿತ್ತು. ಆದರೆ ಅವನಿಗೆ ದನದ ಮೈವಾಸನೆ ಎಂದರೆ ಪ್ರಾಣ.

ಹಿಂಡು ಮೇಯುತ್ತಿದ್ದದ್ದು ಹಟ್ಟಿಯ ಪಡುವಲಿನ ಹುಲ್ಲುಗಾವಲಿನಲ್ಲಿ. ನಾನೂರು ಎಕರೆ ಬಯಲು, ನಡುವೆ ಸೀಗೆಹಳ್ಳ. ಮಳೆಗಾಲದಲ್ಲಿ ಮೂರು ತಿಂಗಳು ಹರಿದು, ಆಮೇಲೆ ಮರಳಾಗಿ ಮಲಗುವ ಹಳ್ಳ ಅದು. ಅದರ ತಿರುವಿನಲ್ಲಿ ಮಾತ್ರ ಒಂದು ಮಡು ಇತ್ತು. ಬಂಡೆಯ ಸಂದಿನಿಂದ ಒರತೆ ಜಿನುಗುತ್ತಿತ್ತು, ಎರಡಾಳು ಆಳ, ನೀರು ಕಪ್ಪಗೆ ಕಾಣುತ್ತಿತ್ತು. ಅದಕ್ಕೇ ಕರೇಮಡು. ಎಪ್ಪತ್ತು ದನಕ್ಕೆ ಬೇಸಗೆಯಲ್ಲಿ ಇದ್ದ ನೀರು ಅದೊಂದೇ. ಅದು ಹೋದರೆ ಹಿಂಡನ್ನು ಬೇರೆ ಹಟ್ಟಿಯ ಕಾವಲಿಗೆ ಬಿಟ್ಟುಕೊಡಬೇಕು, ಮತ್ತು ಎರೆಬೊಮ್ಮನಹಟ್ಟಿಯಲ್ಲಿ ಕಿಲಾರಿ ಎಂಬ ಮಾತೇ ಇರುವುದಿಲ್ಲ. ಇದು ಜಂಪಣ್ಣನಿಗೆ ಚೆನ್ನಾಗಿ ಗೊತ್ತಿತ್ತು.

ಎಪ್ಪತ್ತೊಂದರ ಬೇಸಗೆಯಲ್ಲಿ ಎಲ್ಲಿಂದಲೋ ಬಂದ ನಾಲ್ಕು ಜನ ಕಾರೆಕಾಯಿ ಜಜ್ಜಿ ಮಡುವಿಗೆ ಕಲಸಿದರು. ಆ ನೀರು ಕುಡಿದ ಮೀನಿಗೆ ಮತ್ತು ಬರುತ್ತದೆ, ಹೊಟ್ಟೆ ಮೇಲಾಗಿ ತೇಲುತ್ತದೆ. ದೊಡ್ಡದನ್ನು ಬುಟ್ಟಿಗೆ ತುಂಬಿ, ಚಿಕ್ಕದನ್ನು ದಡಕ್ಕೆಸೆದು ಅವರು ಹೋದರು. ಜಂಪಣ್ಣ ಹಿಂಡು ಹೊಡೆದುಕೊಂಡು ಬರುವಷ್ಟರಲ್ಲಿ ಕಾಗೆಗಳಿಗೆ ಮದುವೆಯೂಟ. ಅವನು ಆಗ ಅಷ್ಟೇನೂ ನೊಂದುಕೊಳ್ಳಲಿಲ್ಲ. ಮೀನು ಹೋದರೆ ಹೋಯಿತು, ನೀರಿದೆಯಲ್ಲ ಎಂದುಕೊಂಡ.

ಮಾರನೆಯ ವರ್ಷ ಜಿಗಣೆ ಬಂದವು. ನೀರಿಗೆ ಮೂತಿ ಇಟ್ಟ ದನದ ಮೂಗಿನೊಳಗೆ ನೂಲಿನಷ್ಟು ತೆಳ್ಳಗಿದ್ದದ್ದು ನುಗ್ಗಿ, ಒಳಗೇ ರಕ್ತ ಕುಡಿದು ಬೆರಳಿನಷ್ಟಾಗುತ್ತಿತ್ತು. ದನ ತಲೆ ಒದರುತ್ತ, ಮೂಗಿನಿಂದ ರಕ್ತ ತೊಟ್ಟಿಕ್ಕಿಸುತ್ತ ನಿಲ್ಲುತ್ತಿದ್ದವು. ಉಪ್ಪುನೀರು ಹೊಯ್ದು, ಹೊಗೆಸೊಪ್ಪಿನ ರಸ ಬಿಟ್ಟು ಜಂಪಣ್ಣ ದಿನಕ್ಕೆ ಐದಾರು ಕಿತ್ತ. ಮೂರು ಕರು ಸೊರಗಿ ಸತ್ತವು. ಹಟ್ಟಿಯ ಹಿರಿಯ ಮೂಕಪ್ಪ ಬಂದು ನೋಡಿದ. ಹೆಸರೇನೋ ಮೂಕಪ್ಪ, ಅವನ ಬಾಯಿ ಮುಚ್ಚಿದ್ದನ್ನು ಮಾತ್ರ ಯಾರೂ ಕಂಡಿಲ್ಲ. ದೇವರಿಗೆ ಏನೋ ಕೊರತೆಯಾಗಿದೆ ಎಂದು ಒಂದು ಗಂಟೆ ಹೇಳಿದ.

"ದೇವರಿಗಲ್ಲ ಕಣಣ್ಣ, ಮಡೂಗೆ ಕೊರತೆ ಆಗೈತೆ," ಎಂದ ಜಂಪಣ್ಣ. "ಮೀನಿದ್ದಾಗ ಜಿಗಣೆ ಇರ್ಲಿಲ್ಲ. ಮರಿ ಇದ್ದಾಗ್ಲೇ ತಿಂದು ಹಾಕ್ತಿದ್ವು. ಮೀನು ತಂದು ಬಿಡಬೇಕು."

"ಮಡು ಎಲ್ಲೈತೋ ಮಾರಾಯ? ಅರ್ಧ ಹೂಳೇ ತುಂಬೈತೆ," ಎಂದ ಮೂಕಪ್ಪ. ಅವನು ವಾರಕ್ಕೊಂದು ಸರಿಯಾದ ಮಾತಾಡುತ್ತಿದ್ದ. ಆ ವಾರದ್ದು ಅದು.

ಹೌದು, ಮಡು ಹೂಳಾಗಿತ್ತು. ಹೂಳು ತಂದವರು ಯಾರು ಎಂದು ನೋಡಿದರೆ ಜಂಪಣ್ಣನ ಹಿಂಡೇ. ದನ, ಊರವರ ಕುರಿ, ಎಲ್ಲವೂ ಸಿಕ್ಕಸಿಕ್ಕ ಕಡೆ ಇಳಿದು ದಡ ಉದುರಿಸಿದ್ದವು. ಪ್ರತಿ ಮಳೆಗೂ ಆ ಮಣ್ಣು ಮಡುವಿಗೆ ಸೇರುತ್ತಿತ್ತು. ಹಿಂಡನ್ನು ಹಗಲಿಡೀ ನೋಡುತ್ತಿದ್ದವನಿಗೆ ಅದರ ಗೊರಸು ಮಾಡಿದ್ದು ಇಷ್ಟು ವರ್ಷ ಕಂಡಿರಲಿಲ್ಲ. ಆ ದಿನ ಕಂಡಿತು, ನಾಚಿಕೆಯಾಯಿತು.

ನಾಲ್ಕು ಬೇಸಗೆ ಅವನೂ ಗಾದ್ರಮ್ಮನೂ ಹೂಳೆತ್ತಿದರು. ಗಾದ್ರಮ್ಮ ಅವನ ಹೆಂಡತಿ, ಅಕ್ಕನ ಮಗಳೇ. ಹಾಗಾಗಿ ಅವಳಿಗೆ ಅವನು ಯಾವತ್ತೂ 'ಮಾವ'. ಅವನು ಸಲಿಕೆಯಲ್ಲಿ ಬುಟ್ಟಿ ತುಂಬುವುದು, ಅವಳು ಹೊತ್ತು ದಡದ ಮೇಲೆ ಸುರಿಯುವುದು. ಹಟ್ಟಿಯವರು ಬಂದು ದಡದಲ್ಲಿ ಕೂತು ಬೀಡಿ ಸೇದಿ, ಸಲಹೆ ಕೊಟ್ಟು ಹೋಗುತ್ತಿದ್ದರು. ಒಬ್ಬನೇ ಒಬ್ಬ ಬುಟ್ಟಿ ಮುಟ್ಟಲಿಲ್ಲ. ಆದರೂ ನಾಲ್ಕನೆಯ ಬೇಸಗೆಯ ಕೊನೆಗೆ ಬಂಡೆ ಕಂಡಿತು, ಒರತೆ ತಣ್ಣಗೆ ಕಾಲಿಗೆ ತಾಕಿತು. ಗಾದ್ರಮ್ಮ ಸೆರಗು ಕಟ್ಟಿಕೊಂಡೇ ನೀರಿಗಿಳಿದು ಮುಳುಗಿ ಎದ್ದಳು. ಅವಳಿಗಾಗ ಮೂವತ್ತೆರಡು, ಮಕ್ಕಳಿರಲಿಲ್ಲ. ಅವಳ ಆ ನಗೆಯನ್ನು ಜಂಪಣ್ಣ ಬಹಳ ದಿನ ನೆನೆಸಿಕೊಳ್ಳುತ್ತಿದ್ದ.

ಎಪ್ಪತ್ತೈದರಲ್ಲಿ ಮಳೆ ಹಿಡಿದ ಮೇಲೆ ಅವನು ಸಾಸ್ವೆಹಳ್ಳಿಗೆ ಹೋದ. ಮೇವು ಇಲ್ಲದ ಒಂದು ವರ್ಷ ಹಿಂಡನ್ನು ಅಲ್ಲಿಯ ಹೊಳೆದಂಡೆಗೆ ಹೊಡೆದುಕೊಂಡು ಹೋಗಿ, ಗೊಬ್ಬರಕ್ಕೆಂದು ರಾತ್ರಿ ಗದ್ದೆಗಳಲ್ಲಿ ದನ ತರುಬಿ ನಿಲ್ಲಿಸುತ್ತ ಎರಡು ತಿಂಗಳು ಇದ್ದು ಬಂದಿದ್ದ. ಆಗ ಪರಿಚಯವಾದವನು ಬಲೆ ಬೀಸುವ ರೇವಣ್ಣ. ಕಿಲಾರಿಯೊಬ್ಬ ಹಿತ್ತಾಳೆ ಕೊಡ ಹಿಡಿದುಕೊಂಡು ಬಂದು ಜೀವಂತ ಮೀನು ಕೇಳಿದ್ದಕ್ಕೆ ರೇವಣ್ಣ ಮೊದಲು ನಕ್ಕ, ಆಮೇಲೆ ಬಲೆ ತೆಗೆದುಕೊಂಡ.

"ದೊಡ್ಡವು ಬ್ಯಾಡ, ದಾರಿಯಾಗೆ ಸಾಯ್ತಾವೆ. ಪಕ್ಕೆಮೀನಿನ ಮರಿ ಒಯ್ಯಿ, ಅವು ಜಿಗಣೆ ಮರಿ ಬಿಡಲ್ಲ," ಎಂದ. "ಕೈ ಅದ್ದಿ ನೀರು ಬಡೀತಾ ಇರು, ಉಸಿರಾಡ್ತಾವೆ. ಬಸ್ ನಿಂತ ಕಡೆ ಅರ್ಧ ನೀರು ಬದಲಿಸು. ಊರಿಗೆ ಹೋದ್ ಮ್ಯಾಲೆ ದಬಕ್ಕನೆ ಸುರೀಬ್ಯಾಡ. ಕೊಡಾನ ಮಡೂನಾಗೆ ಇಳಿಬಿಟ್ಟು, ಎರಡೂ ನೀರಿನ ತಂಪು ಒಂದಾಗಾಗಂಟ ಕಾಯಿ."

ಸಾಸ್ವೆಹಳ್ಳಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ದಾವಣಗೆರೆ, ಅಲ್ಲಿಂದ ಜಗಳೂರು. ಕೊಡವನ್ನು ತೊಡೆಯ ಮೇಲಿಟ್ಟುಕೊಂಡು, ಒದ್ದೆ ಬಟ್ಟೆಯ ಕೆಳಗೆ ಕೈ ತೂರಿಸಿ ದಾರಿಯುದ್ದಕ್ಕೂ ನೀರು ಬಡಿಯುತ್ತ ಕೂತ.

"ಏನಪ್ಪಾ ಅದು, ಮಜ್ಜಿಗೆ ಕಡೀತಿದ್ದೀಯೇನು?" ಎಂದ ಕಂಡಕ್ಟರ್.

"ಮೀನು ಅದಾವ್ರೀ. ಜೀವ ಇರೋವು."

"ಜೀವ ಇದ್ದರೆ ಟಿಕೇಟು ತಗಾಬೇಕು. ಎಷ್ಟು ತಲೆ?"

"ಅರವತ್ತು ಹಾಕ್ಕೊಂಡು ಬಂದೀನ್ರೀ," ಎಂದ ಜಂಪಣ್ಣ ಗಾಬರಿಯಲ್ಲಿ. ಬಸ್ಸೆಲ್ಲ ನಕ್ಕಿತು. ಪಕ್ಕದ ಸೀಟಿನ ಹೆಂಗಸು ಸಾರಿಗೆ ಹುಣಸೆಹಣ್ಣು ಜಾಸ್ತಿ ಬೀಳಬೇಕು ಎಂದಳು. ತಾನು ಮೀನು ತಿನ್ನುವವನಲ್ಲ ಎಂದು ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜಗಳೂರಿನಲ್ಲಿ ಇಳಿದು ಆರು ಮೈಲಿ ನಡೆದು ಮಡು ಮುಟ್ಟಿದಾಗ ಕೊಡದಲ್ಲಿ ಇಪ್ಪತ್ತಮೂರು ಉಸಿರಾಡುತ್ತಿದ್ದವು. ಎರಡೂ ನೀರಿನ ತಂಪು ಒಂದಾಗುವವರೆಗೆ ಅವನು ಮಂಡಿಯುದ್ದ ನೀರಿನಲ್ಲಿ ಕೊಡ ಹಿಡಿದುಕೊಂಡು ನಿಂತ. ಆಮೇಲೆ ಬಾಯಿ ಓರೆ ಮಾಡಿದ. ಇಪ್ಪತ್ತಮೂರೂ ಒಂದೊಂದಾಗಿ ಹೋದವು.

ಇನ್ನು ಉಳಿದದ್ದು ದಡ. ದನ ಇಳಿಯಲು ಒಂದೇ ಒಂದು ಗಂಡಿ ಬಿಟ್ಟು, ಉಳಿದ ಕಡೆಗೆಲ್ಲ ಬೇಲಿಯಾಗಬೇಕು. ಬೋರೆಮುಳ್ಳು ಕಡಿದು ಹಾಕಿದ, ಹಟ್ಟಿಯ ಒಲೆಗಳಿಗೆ ಹೋಯಿತು. ಕಳ್ಳಿ ನೆಟ್ಟ, ದನ ತುಳಿದವು. ಆ ಹೊತ್ತಿಗೆ ಜಗಳೂರಿನ ದಾರಿಯಲ್ಲಿ ಅಲ್ಲಲ್ಲಿ ಹೊಲದ ಬದುವಿಗೆ ಬಳ್ಳಾರಿ ಜಾಲಿ ಎದ್ದಿತ್ತು. ಅದರ ಸೊಪ್ಪನ್ನು ಕುರಿಯೂ ಮೂಸುವುದಿಲ್ಲ, ಮುಳ್ಳು ಹೆಬ್ಬೆರಳುದ್ದ, ನೀರು ಕೇಳುವುದಿಲ್ಲ, ಎರಡು ವರ್ಷಕ್ಕೆ ಆಳೆತ್ತರ. ಇಂಥ ಬೇಲಿ ಇನ್ನೆಲ್ಲಿ ಸಿಗಬೇಕು? ಅದರ ಬೀಜವನ್ನು ಸುಮ್ಮನೆ ಬಿತ್ತಿದರೆ ಹುಟ್ಟುವುದು ಅಷ್ಟಕ್ಕಷ್ಟೇ, ದನದ ಹೊಟ್ಟೆ ಹೊಕ್ಕು ಬಂದರೆ ಒಂದೂ ಬಿಡದೆ ಮೊಳೆಯುತ್ತದೆ ಎಂಬುದು ದನ ಕಾಯುವವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎಪ್ಪತ್ತಾರರ ಬೇಸಗೆಯಲ್ಲಿ ಅವನು ಎರಡು ಗಾಡಿ ಜಾಲಿಕಾಯಿ ತಂದ. ಕಾಯಿ ಸಿಹಿ, ದನಕ್ಕೆ ಹಬ್ಬ. ಹಗಲು ತಿನ್ನಿಸುವುದು, ಸಂಜೆ ದಡದ ಮೇಲೆ ಒಂದೊಂದು ಪಟ್ಟಿಯಲ್ಲಿ ಹಿಂಡು ತರುಬುವುದು, ಮರುದಿನ ಮುಂದಿನ ಪಟ್ಟಿ. ಹೀಗೆ ಮಡುವಿನ ಎರಡೂ ಬದಿಗೆ ಸಗಣಿಯಲ್ಲೇ ಬಿತ್ತನೆ ಮುಗಿಸಿದ. ನೇಗಿಲಿಲ್ಲ, ಕೂರಿಗೆಯಿಲ್ಲ. ಮೊದಲ ಮಳೆಗೆ ದಡವೆಲ್ಲ ಹಸಿರು ಸೂಜಿ ಚುಚ್ಚಿದಂತೆ ಮೊಳೆಯಿತು. ತನ್ನ ಬುದ್ಧಿಗೆ ತಾನೇ ಬೆರಗಾಗಿ ಅವನು ಗಾದ್ರಮ್ಮನನ್ನು ಕರೆದು ತೋರಿಸಿದ. ಬುದ್ಧಿವಂತರು ಮಾಡುವ ಅನಾಹುತವನ್ನು ದಡ್ಡರು ಯಾವತ್ತೂ ಮಾಡಲಾರರು, ಅವರಿಗೆ ಅಷ್ಟು ಶ್ರದ್ಧೆಯಿರುವುದಿಲ್ಲ.

ಸೊಂಟದೆತ್ತರ ಬರುತ್ತಲೇ ಹಟ್ಟಿಯ ಹೆಂಗಸರು ಕುಡುಗೋಲು ತಂದರು. ಸೌದೆಗೆ ಜಾಲಿಯಷ್ಟು ಒಳ್ಳೆಯದು ಬೇರೆಯಿಲ್ಲ. ಜಂಪಣ್ಣ ಬೇಡಿಕೊಂಡ, ಬೈದ, ಕೊನೆಗೆ ಗುಡಿಯ ಮುಂದೆ ನಾಲ್ಕು ಜನ ಸೇರಿದ ದಿನ ದೂರು ಹೇಳಿದ.

"ನಿನ್ ಬೇಲಿ ಏನು ಬಂಗಾರದ್ದೇನಪ್ಪಾ?" ಎಂದಳು ಕೆಂಪಕ್ಕ. ಕಟ್ಟಿಗೆ ತರುವುದರಲ್ಲಿ ಅವಳೇ ಎಲ್ಲರಿಗೂ ಮುಂದು. "ನಮ್ಮ ಒಲೆ ಉರೀಬ್ಯಾಡೇನು? ಮೀನಿಗೆ ಬೇಲಿ ಕಟ್ಟಾಕೆ ಹೊಂಟೋನು ಇವನೊಬ್ನೇ ಲೋಕದಾಗೆ!"

ಎಲ್ಲರೂ ನಕ್ಕರು. ಆ ನಗೆಗೆ ಅವನ ಮೈ ಉರಿಯಿತು. ಮುಂದಿನ ಮಾತು ಎಲ್ಲಿಂದ ಬಂತೋ, ಬಾಯಿಗೆ ಬಂದೇ ಬಿಟ್ಟಿತು.

"ಅದು ನನ್ ಬೇಲಿ ಅಲ್ಲ ಕಣಮ್ಮ. ದೇವರ ಎತ್ತಿನ ಹೊಟ್ಟ್ಯಾಗೆ ಹುಟ್ಟಿ, ದೇವರ ಸಗಣಿಯಾಗೆ ಮೊಳೆತೈತೆ. ನಿನ್ನೆ ಸಂಜಿಕೆ ಹಿಂಡಿನಾಗೆ ನಿಂತಿದ್ದಾಗ ನನ್ ಕಿವ್ಯಾಗೆ ದೇವರ ಹೇಳಿಕೆ ಆಗೈತೆ. ಆ ಗಿಡಕ್ಕೆ ಕೊಡ್ಲಿ ಹಾಕಿದೋರ ಮನ್ಯಾಗೆ ದೀಪ ಹಚ್ಚೋರು ಉಳಿಯಲ್ಲ."

ನಕ್ಕವರು ಗುಡಿಯ ಕಡೆ ತಿರುಗಿ ಕೈ ಮುಗಿದರು. ಮೂಕಪ್ಪ ಒಂದು ಕ್ಷಣ ಹೆಸರಿಗೆ ತಕ್ಕಂತಾದ. ಕೆಂಪಕ್ಕ ಸೆರಗು ತಲೆಯ ಮೇಲೆ ಹೊದ್ದು ಕೆನ್ನೆ ಬಡಿದುಕೊಂಡಳು.

ಮನೆಯ ದಾರಿಯಲ್ಲಿ ಗಾದ್ರಮ್ಮ ಮೆಲ್ಲಗೆ ಕೇಳಿದಳು. "ನಿನ್ನೆ ಸಂಜಿಕೆ ನೀನು ನನ್ ಜತಿಗೆ ಶೇಂಗಾ ಬಿಡಿಸ್ತಾ ಕುಂತಿದ್ದಿ. ಹಿಂಡಿನಾಗೆ ಯಾವಾಗ ನಿಂತಿದ್ದೆ ಮಾವ?"

"ಸುಮ್ಕಿರೇ ಗಾದ್ರಿ," ಎಂದು ಅವನು ನಕ್ಕ. ಅವಳೂ ನಕ್ಕಳು. ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಪಾಪ ಸುತ್ಕಂತೈತೆ ನೋಡು."

"ಸುತ್ಕಳ್ಳಿ ಬಿಡು. ಮೀನು ಉಳಿದ್ರೆ ಸಾಕು."

ಉಳಿದವು. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ಎಪ್ಪತ್ತೆಂಟರಿಂದ ಎಂಬತ್ತೊಂದರವರೆಗೆ ಕರೇಮಡು ಇದ್ದ ಹಾಗೆ ಅವನ ಅಜ್ಜನ ಕಾಲದಲ್ಲೂ ಇರಲಿಲ್ಲವಂತೆ. ಬೇಲಿಯ ಒಳಗೆ ದಡದಲ್ಲಿ ಗರಿಕೆ ಹಬ್ಬಿತು, ಹೂಳು ನಿಂತಿತು, ನೀರು ತಿಳಿಯಾಯಿತು. ಇಪ್ಪತ್ತಮೂರಿದ್ದ ಮೀನು ಸಾವಿರವಾದವು. ದನ ಗಂಡಿಯಿಂದ ಸಾಲಾಗಿ ಇಳಿದು ಮೂತಿ ಇಟ್ಟರೆ ಪಕ್ಕೆಮೀನು ಅವುಗಳ ತುಟಿ ಕಚ್ಚಿ ಆಡುತ್ತಿದ್ದವು. ಜಿಗಣೆ ಒಂದೂ ಇಲ್ಲ. ಬೇಲಿಗೆ ಹಟ್ಟಿಯವರು ಯಾರೂ ಕೈ ಹಚ್ಚಲಿಲ್ಲ. ಹೊರಗಿನವನೊಬ್ಬ ಗಾಡಿಯ ಗೂಟಕ್ಕೆಂದು ಒಂದು ಕೊಂಬೆ ಕಡಿದ, ಅದೇ ವಾರ ಇಳಿಜಾರಿನಲ್ಲಿ ಅವನ ಗಾಡಿ ಮಗುಚಿತು. ಗಾಡಿಗಳು ಇಳಿಜಾರಿನಲ್ಲಿ ಮಗುಚುವುದೇನು ಹೊಸದಲ್ಲ. ಆದರೆ ಹಟ್ಟಿಯಲ್ಲಿ ಆ ಮೇಲೆ ಗಾಳಿಗೆ ಮುರಿದುಬಿದ್ದ ಜಾಲಿಕಡ್ಡಿಯನ್ನೂ ಹೆಂಗಸರು ದಾಟದೆ ಸುತ್ತಿಕೊಂಡು ಹೋಗತೊಡಗಿದರು.

ಗಿಡ ಕಾಯಿ ಬಿಟ್ಟಿತು. ಜಂಪಣ್ಣ ಎರಡು ಗಾಡಿ ತಂದು ತಿನ್ನಿಸಿದ್ದನ್ನು ಈಗ ದನ ತಾವಾಗಿಯೇ ತಿಂದವು. ತಿಂದು, ನಾನೂರು ಎಕರೆಯಲ್ಲಿ ಓಡಾಡಿ, ಹೋದಲ್ಲೆಲ್ಲ ಸಗಣಿ ಹಾಕಿದವು. ಬೇಲಿ ಇಲ್ಲಿಗೆ ನಿಲ್ಲಬೇಕು ಎಂದು ದನಕ್ಕೆ ಹೇಳುವವರು ಯಾರು? ಎಂಬತ್ತೆರಡರಲ್ಲಿ ಹಳ್ಳದ ಮೇಲುಗಡೆ ಜಾಲಿ ಎದ್ದಿತು. ಎಂಬತ್ತಮೂರರಲ್ಲಿ ಹಳ್ಳದ ಮರಳಿನಲ್ಲೇ ಎದ್ದಿತು. ಎಂಬತ್ತನಾಲ್ಕರ ಹೊತ್ತಿಗೆ ಹುಲ್ಲಿನ ಬಯಲು ಅರ್ಧ ಮುಳ್ಳಾಗಿ, ದನ ತೂರಿದರೆ ಮೈ ಗೀರಿಕೊಂಡು ಬರುತ್ತಿದ್ದವು. ಮೊದಲು ಯುಗಾದಿ ಕಳೆದರೂ ಎದೆಮಟ್ಟ ಇರುತ್ತಿದ್ದ ನೀರು ಆ ವರ್ಷ ಶಿವರಾತ್ರಿಗೇ ಮಂಡಿಗೆ ಬಂತು. ಹಿಂದಿನ ವರ್ಷ ಒಳ್ಳೆಯ ಮಳೆಯೇ ಆಗಿತ್ತು.

ಜಂಪಣ್ಣ ಒರತೆಯ ಹಿಂದುಗಡೆ ದಡದಲ್ಲಿ ಒಂದು ಗುಂಡಿ ತೋಡಿದ. ಎದೆಯಾಳಕ್ಕೆ ಬೇರು ಸಿಕ್ಕಿದವು. ತೋಳಿನ ಗಾತ್ರದವು, ಒಂದರ ಮೇಲೊಂದು ಹೆಣೆದುಕೊಂಡು, ಎಲ್ಲವೂ ಬಂಡೆಯ ಸಂದಿನ ಕಡೆಗೇ ಹೊರಟಿದ್ದವು. ಒಂದನ್ನು ಕುಡುಗೋಲಿನಿಂದ ಕಡಿದ. ತುಂಡಿನ ಬಾಯಲ್ಲಿ ನೀರು ಒಸರಿತು. ತಾನು ಮೀನಿಗೆ ಕಟ್ಟಿದ ಬೇಲಿ ಮಡುವನ್ನು ಕುಡಿಯುತ್ತಿದೆ ಎಂಬುದು ಅವನಿಗೆ ಆಗ ತಿಳಿಯಿತು. ತಿಳಿದದ್ದು ತಡವಾಯಿತು ಎಂಬುದು ಮಾತ್ರ ಇನ್ನೂ ತಿಳಿದಿರಲಿಲ್ಲ.

ಒಬ್ಬನಿಂದ ಆಗುವ ಕೆಲಸವಲ್ಲ. ಇಡೀ ಹಟ್ಟಿ ಒಂದು ತಿಂಗಳು ಕೊಡಲಿ ಹಿಡಿದರೆ ಮೇಲುಗಡೆಯ ಹಳ್ಳವನ್ನಾದರೂ ಬಿಡಿಸಬಹುದಿತ್ತು. ಅವನು ಗುಡಿಯ ಮುಂದೆ ಜನ ಸೇರಿಸಿ, ಬೇರಿನ ತುಂಡು ನಡುವೆ ಇಟ್ಟು ಎಲ್ಲ ಹೇಳಿದ.

ಮೂಕಪ್ಪ ತಲೆಯಾಡಿಸಿದ. "ಕೊಡ್ಲಿ ಹಾಕಾಕಾಗಲ್ಲಪ್ಪ. ಹೇಳಿಕೆ ಆಗೈತಲ್ಲ."

"ಅಣ್ಣಾ, ಆ ಹೇಳಿಕೆ ಸುಳ್ಳು. ಬೇಲಿ ಉಳೀಲಿ ಅಂತ ನಾನೇ ಹುಟ್ಟಿಸಿದ್ದು. ಹಿಂಡಿನ ಆಣೆಗೂ ಸುಳ್ಳು."

ಯಾರೂ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಣ್ಣಗೆ ನಕ್ಕರು, ಮಕ್ಕಳು ಏನಾದರೂ ಹೇಳಿದಾಗ ದೊಡ್ಡವರು ನಗುವ ಹಾಗೆ.

"ನಮ್ಮನ್ನ ಪರೀಕ್ಷೆ ಮಾಡ್ತಾ ಐತೆ ದೇವ್ರು, ಇವನ ಬಾಯಾಗೆ," ಎಂದ ಮೂಕಪ್ಪ ಜನರ ಕಡೆ ತಿರುಗಿ. "ಗಾಡಿ ಮಗುಚಿದ್ದು ಸುಳ್ಳೇನು? ಜಿಗಣೆ ಹೋಗಿದ್ದು ಸುಳ್ಳೇನು? ಕಿಲಾರಿ ಬಾಯಾಗೆ ಸುಳ್ಳು ಬರಲ್ಲ. ಬಂದ್ರೆ ಇವತ್ತು ಬಂದಿರಬೇಕು, ಅವತ್ತಲ್ಲ."

"ನಿಮ್ಮ ಕಾಲಿಗೆ ಬೀಳ್ತೀನಿ ಕಣ್ರಪ್ಪಾ. ಮಡು ಸಾಯ್ತಾ ಐತೆ!"

ಕೆಂಪಕ್ಕ ಎದ್ದು ಬಂದು ಅವನ ತೋಳು ಹಿಡಿದಳು. "ಸುಸ್ತಾಗೀಯ. ಮನಿಗೆ ನಡಿ ತಮ್ಮಾ," ಎಂದಳು. ಅವಳ ದನಿಯಲ್ಲಿ ನಿಜವಾದ ಕನಿಕರವಿತ್ತು. ಮೀನಿಗೆ ಬೇಲಿ ಕಟ್ಟುವವನೆಂದು ನಕ್ಕವಳು ಅವಳೇ ಎಂಬುದು ಅವಳಿಗೆ ಮರೆತೇ ಹೋಗಿತ್ತು.

ಎಂಬತ್ತೈದರ ಸಂಕ್ರಾಂತಿ ಕಳೆದು ಅವನೊಬ್ಬನೇ ಕೊಡಲಿ ತೆಗೆದುಕೊಂಡ. ಹಗಲು ಹಿಂಡನ್ನು ಗಾದ್ರಮ್ಮ ನೋಡುತ್ತಿದ್ದಳು. ಅವನು ಒರತೆಯ ಹಿಂದಿನಿಂದ ಶುರು ಮಾಡಿ ಮೇಲಕ್ಕೆ ಕಡಿಯುತ್ತ ಹೋದ. ಅವನಿಗಾಗ ಐವತ್ತರ ಹತ್ತಿರ. ದಿನಕ್ಕೆ ನಾಲ್ಕು ಗಿಡ, ಮೈತುಂಬ ಗೀರು. ಕಡಿದ ಬುಡ ಇಪ್ಪತ್ತು ದಿನಕ್ಕೆ ಮತ್ತೆ ಹತ್ತು ಕವಲು ಚಿಗುರುತ್ತಿತ್ತು. ಬೇರು ಕೀಳಬೇಕು, ಕೀಳಲು ಆಗುತ್ತಿರಲಿಲ್ಲ. ಹಟ್ಟಿಯವರು ದೂರದಲ್ಲಿ ನಿಂತು ನೋಡುತ್ತಿದ್ದರು. ಯಾರೂ ತಡೆಯಲಿಲ್ಲ, ಏನಾಗುತ್ತದೋ ನೋಡೋಣ ಎಂದು ಕಾಯುತ್ತಿದ್ದರು.

ಆಗಬೇಕಾದ್ದು ಆಯಿತು. ಬರಿಗಾಲಿನವನ ಅಂಗಾಲಿಗೆ ಮುಳ್ಳು ಹೊಕ್ಕು ಒಳಗೇ ಮುರಿಯಿತು. ಮೂರು ದಿನಕ್ಕೆ ಕಾಲು ಮೊಣಕಾಲಿನವರೆಗೆ ಊದಿ ಹೊಳೆಯಿತು, ಜ್ವರ ಏರಿತು. ಮುಳ್ಳಿನ ಗಿಡ ಕಡಿಯುವವನಿಗೆ ಮುಳ್ಳು ಚುಚ್ಚಿದರೆ ಅದರಲ್ಲಿ ದೇವರ ಕೆಲಸವೇನಿದೆ? ಇದನ್ನು ಯಾರಾದರೂ ಒಬ್ಬರು ಕೇಳಬಹುದಿತ್ತು. ಗಾಡಿಯಲ್ಲಿ ಜಗಳೂರಿನ ಆಸ್ಪತ್ರೆಗೆ ಒಯ್ದರು. ಕಾಲಿನ ಎರಡು ಬೆರಳು ತೆಗೆದರು. ಇಪ್ಪತ್ತಾರು ದಿನ ಅವನು ಆ ಮಂಚದ ಮೇಲೆ ಮಲಗಿ ಬಂದವರನ್ನೆಲ್ಲ ಕೇಳಿದ್ದು ಒಂದೇ, ಮಡುವಿನಲ್ಲಿ ನೀರೆಷ್ಟಿದೆ ಎಂದು. ಬಂದವರು ಕಾಲಿನ ವಿಷಯ ಮಾತಾಡಿ ಹೋಗುತ್ತಿದ್ದರು.

ಕೋಲೂರಿಕೊಂಡು ಅವನು ಕರೇಮಡುವಿಗೆ ಬಂದಾಗ ಬಂಡೆಯ ಬುಡದಲ್ಲಿ ಒಂದು ಹಾಸಿಗೆಯಗಲ ರಾಡಿ ಉಳಿದಿತ್ತು. ಸುತ್ತ ಕೊಕ್ಕರೆಗಳು. ರಾಡಿ ಅಲ್ಲಲ್ಲಿ ಅಲುಗುತ್ತಿತ್ತು. ಅವನು ಮಂಡಿಯೂರಿ ಎರಡೂ ಕೈಯಲ್ಲಿ ಬಾಚಿ, ಸಿಕ್ಕಿದಷ್ಟನ್ನು ಗಾದ್ರಮ್ಮ ಹಿಡಿದ ಕೊಡಕ್ಕೆ ಹಾಕಿದ. ನಲವತ್ತೋ ಐವತ್ತೋ. ಕೊಡ ತುಂಬಿದ ಮೇಲೆ ಇಬ್ಬರೂ ಎದ್ದು ನಿಂತರು. ಎಲ್ಲಿಗೆ ಒಯ್ಯಬೇಕು ಎಂದು ಆಗ ಹೊಳೆಯಿತು. ಸುತ್ತಲಿನ ಕೆರೆಗಳೂ ಒಣಗಿದ್ದವು. ಬಸ್ಸು ಹತ್ತಿ ಸಾಸ್ವೆಹಳ್ಳಿಗೆ ಹೋಗಲು ಅವನಿಗೆ ಕಾಲಿರಲಿಲ್ಲ.

ಹಟ್ಟಿಗೆ ಈಚೆಗೆ ಬಂದ ಬೋರಿನ ಪಂಪಿನ ಹತ್ತಿರ ನಾಲ್ಕು ಮನೆದನ ಕುಡಿಯುವಷ್ಟು ಸಣ್ಣ ಸಿಮೆಂಟಿನ ತೊಟ್ಟಿ ಇತ್ತು, ಅದರಲ್ಲಿ ಬಿಟ್ಟರು. ಬೋರಿನ ನೀರು ಗಡುಸು. ಎರಡನೆಯ ದಿನ ಎಲ್ಲವೂ ಮೇಲೆ ತೇಲಿದವು. ನಾತ ಬರುತ್ತದೆಂದು ಹೆಂಗಸರು ಗೊಣಗುವ ಮೊದಲೇ ಜಂಪಣ್ಣ ತೊಟ್ಟಿ ಬರಿದು ಮಾಡಿ ತೊಳೆದ. ಅಳಲಿಲ್ಲ. ಆ ಮೇಲೆ ಅವನು ಮೀನಿನ ಮಾತೆತ್ತಿದ್ದನ್ನು ಯಾರೂ ಕೇಳಲಿಲ್ಲ.

ಆ ವೈಶಾಖದಲ್ಲಿ ಹಿಂಡನ್ನು ಬಿಟ್ಟುಕೊಟ್ಟರು. ಬೇರೆ ಹಟ್ಟಿಯ ಕಿಲಾರಿ ಯರ್ರಿಸ್ವಾಮಿ ಬಂದು, ಜಂಪಣ್ಣನ ಪಾದ ಮುಟ್ಟಿ, ಹೊಡೆದುಕೊಂಡು ಹೋದ. ದನ ಮೊದಲು ಹೋಗಲೊಲ್ಲದೆ ತಿರುಗಿ ತಿರುಗಿ ನಿಂತವು. ತಾನು ಎದುರಿಗಿದ್ದರೆ ಅವು ಹೊರಡುವುದಿಲ್ಲವೆಂದು ಜಂಪಣ್ಣ ಗೋಡೆಯ ಹಿಂದೆ ಹೋಗಿ ಕೂತ. ಗಂಟೆಯ ಸದ್ದು ನಿಂತ ಮೇಲೆ ಹೊರಗೆ ಬಂದ. ಅವನಿಗೆ ಇನ್ನು ಚಪ್ಪಲಿ ಮೆಟ್ಟುವ ಸ್ವಾತಂತ್ರ್ಯ ಸಿಕ್ಕಿತು ಎಂದು ಯಾರೋ ತಮಾಷೆ ಮಾಡಿದರು.

ಕಾಲಿನ ಗಾಯ ಮಾಯಲು ಮಳೆಗಾಲವೆಲ್ಲ ಬೇಕಾಯಿತು. ಮಾಯಿತು. ಎಂಬತ್ತಾರರ ಒಂದು ಸೋಮವಾರ ಬೆಳಿಗ್ಗೆ ಗಾದ್ರಮ್ಮ ತಲೆಗೆ ನೀರು ಹಾಕಿಕೊಂಡು, ತಟ್ಟೆಯಲ್ಲಿ ಕಾಯಿ, ಬಾಳೆಹಣ್ಣು, ಅರಿಶಿನ ಕುಂಕುಮ ಇಟ್ಟುಕೊಂಡು ಪಡುವಲಿಗೆ ಹೊರಟಳು. ಅವನು ಕುಂಟುತ್ತ ಹಿಂದೆಯೇ ಹೋದ. ಮಡುವಿನ ದಡದಲ್ಲಿ ಎಲ್ಲಕ್ಕಿಂತ ದೊಡ್ಡ ಜಾಲಿಯ ಬುಡಕ್ಕೆ ಯಾರೋ ಕಲ್ಲು ನೆಟ್ಟಿದ್ದರು. ಬೊಡ್ಡೆಗೆ ಅರಿಶಿನದ ದಾರಗಳು ಸುತ್ತಿದ್ದವು, ಹತ್ತೋ ಹದಿನೈದೋ. ಗಾದ್ರಮ್ಮ ಕಲ್ಲಿಗೆ ನೀರು ಹಾಕಿ, ಕುಂಕುಮ ಹಚ್ಚಿ, ಮೂರು ಸುತ್ತು ಬಂದು, ಹಣೆ ನೆಲಕ್ಕೆ ಹಚ್ಚಿದಳು.

"ಗಾದ್ರೀ," ಎಂದ ಅವನು. "ಬ್ಯಾರೆಯೋರು ಮಾಡ್ಲಿ. ನೀನು ಮಾಡಬ್ಯಾಡ. ಅದು ಸುಳ್ಳು ಅಂಬೋದು ಈ ಲೋಕದಾಗೆ ನನಗೆ ಬಿಟ್ರೆ ಗೊತ್ತಿರೋದು ನಿನಗೊಬ್ಬಳಿಗೆ."

ಅವಳು ಎದ್ದು ಹಣೆಯ ಮಣ್ಣು ಒರೆಸಿಕೊಂಡಳು. "ನಿನ್ನ ಕಾಲು ಕೊಳೀತಿತ್ತು ಮಾವ. ಡಾಕ್ಟ್ರು ಮೊಣಕಾಲಿಗಂಟ ತೆಗೀಬೇಕು ಅಂದಿದ್ರು, ನಿನಗೆ ಹೇಳಿರ್ಲಿಲ್ಲ. ಇಲ್ಲಿಗೆ ಬಂದು ಬೇಡ್ಕಂಡೆ. ಎರಡೇ ಬೆರಳಿಗೆ ಬಿಡ್ತು."

"ಸೂಜಿ ಔಷಧದಿಂದ ಕಣೇ ಬಿಟ್ಟಿದ್ದು!"

"ಇರಬೌದು," ಎಂದಳು ಅವಳು ಸಮಾಧಾನವಾಗಿ. "ನಾನು ಯಾರಿಗೆ ಹರಕೆ ಹೊತ್ತಿದ್ನೋ ಅವರಿಗೆ ತೀರಿಸ್ಬೇಕಲ್ಲ."

"ನಾನು ಬಾಯಿಗೆ ಬಂದಿದ್ದು ಒದರಿದ್ದೆ ಕಣೇ. ನೀನು ನಕ್ಕಿದ್ದೆ. ನೆಪ್ಪಿಲ್ವೇನು?"

"ನಕ್ಕಿದ್ದೆ. ಅದಕ್ಕೂ ತಪ್ಪುಕಾಣಿಕೆ ಇಟ್ಟೀನಿ." ಅವಳು ಕಾಯಿ ಒಡೆದು, ಹೋಳಿನಿಂದ ಒಂದು ಚೂರು ಕಿತ್ತಳು. "ನೀನು ಸುಳ್ಳು ಹೇಳ್ದೆ ಅಂತ ನಿನಗೆ ಅನ್ಸುತ್ತೆ. ನಿನ್ ಬಾಯಾಗೆ ಅದನ್ನ ಹೇಳ್ಸಿದೋರು ಯಾರು ಅಂತ ನಿನಗೇನು ಗೊತ್ತು? ಹಿಡಿ, ಕೈ ಒಡ್ಡು."

ಅವನು ಅವಳ ಮುಖ ನೋಡಿದ. ಹೂಳು ಹೊತ್ತವಳು, ಕೊಡ ಹಿಡಿದು ರಾಡಿಯಲ್ಲಿ ನಿಂತವಳು. ಅವಳ ಕಣ್ಣಲ್ಲಿ ತಮಾಷೆಯಿರಲಿಲ್ಲ, ಹಟವೂ ಇರಲಿಲ್ಲ. ಅವಳ ಹಿಂದೆ ಒಣಮಡುವಿನ ತುಂಬ ಜಾಲಿಯ ಎಳೆಗಿಡ ಎದ್ದು ನಿಂತಿದ್ದವು.

ಕೈ ಒಡ್ಡಿದ. ಅವಳು ಕಾಯಿಯ ಚೂರನ್ನು ಅಂಗೈಯಲ್ಲಿಟ್ಟಳು. ಪ್ರಸಾದವನ್ನು ಕಣ್ಣಿಗೆ ಒತ್ತಿಕೊಂಡು ತಿನ್ನುವುದು ರೂಢಿ. ಜಂಪಣ್ಣ ಒತ್ತಿಕೊಂಡ.